ಮಿಕ್ಕ ಪೈರು

ಶಿವನಂಜಪ್ಪನವರು ಇಂಜಿನಿಯರ್ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರನ್ನು ಇಂಜಿನಿಯರ್ ಅಂತ ಬಾಯಿತುಂಬಾ ಕರೆದವರು ಕರೆದದ್ದು ಒಂದೇ ದಿನ, ಅದೂ ತಮ್ಮ ತಲೆ ಉಳಿಸಿಕೊಳ್ಳುವುದಕ್ಕೆ. ಕೆ.ಆರ್. ನಗರದ ಕಡೆ ನಾಲೆ ಬಯಲಿನ ಹಳ್ಳಿಯವರು ಅವರು. ಅಪ್ಪನದು ಭತ್ತದ ಗದ್ದೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಕ್ಕೆ ಸೇರಿ, ಕೊನೆಯ ವರ್ಷದ ಗಣಿತದಲ್ಲಿ ಮೂರು ಸಲ ಡುಮ್ಕಿ ಹೊಡೆದು, ೧೯೯೧ರಲ್ಲಿ ಹುಣಸೂರಿಗೆ ಬಂದು ಚಿಕ್ಕಣ್ಣನ ವರ್ಕ್‌ಶಾಪಿಗೆ ಸೇರಿದರು.

ನಾನು ಮೀನಾ. ಅದೇ ವರ್ಕ್‌ಶಾಪಿನಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಹನ್ನೆರಡು ವರ್ಷ ನನ್ನ ಮೇಜು ಅವರ ಮೇಜಿನ ಪಕ್ಕದಲ್ಲಿತ್ತು. ಆದ್ದರಿಂದ ಇಲ್ಲಿ ನಾನು ಹೇಳುವುದೆಲ್ಲ ಕಂಡದ್ದು, ಕೇಳಿದ್ದು. ಒಂದು ಕಡೆ ಮಾತ್ರ ಹೇಳಬೇಕಾದದ್ದನ್ನು ಹೇಳದೆ ನುಂಗಿದ್ದೂ ಉಂಟು. ಅದು ಮುಂದೆ ಬರುತ್ತದೆ.

ವರ್ಕ್‌ಶಾಪಿನ ಹೆಸರು ಮಾರಮ್ಮ ಕಂಟ್ರೋಲ್ಸ್. ಯಜಮಾನ ಚಿಕ್ಕಣ್ಣ ಹತ್ತನೇ ಕ್ಲಾಸ್ ಫೇಲು. ಮೊದಲು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಆಮೇಲೆ ಹೊಗೆಸೊಪ್ಪನ್ನು ಬಿಸಿಗೆ ಒಣಗಿಸುವ ಬ್ಯಾರನ್ ಮನೆಗಳಿಗೆ ಒಂದು ಪೆಟ್ಟಿಗೆ ಮಾಡಿದರೆ ಹೋಗುತ್ತದೆ ಅಂತ ಅವನಿಗೆ ಹೊಳೆಯಿತು. ಒಳಗೆ ಶಾಖ ಮೀರಿದರೆ ಗಂಟೆ ಹೊಡೆಯುವ ಪೆಟ್ಟಿಗೆ. ಯೋಚನೆ ಅವನದೇ, ಅದನ್ನು ನಾನು ಕಸಿದುಕೊಳ್ಳುವುದಿಲ್ಲ. ಆದರೆ ಪೆಟ್ಟಿಗೆಯೊಳಗಿನ ಬೋರ್ಡನ್ನು ಬರೆದವರು ಶಿವನಂಜಪ್ಪನವರು.

ಆಗ ಬೋರ್ಡು ಬರೆಯುವುದು ಎಂದರೆ ನಿಜವಾಗಿ ಬರೆಯುವುದೇ. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪಿನ ಸಣ್ಣ ಪಟ್ಟಿಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಒಂದೊಂದಾಗಿ ಅಂಟಿಸಬೇಕು. ಟೇಪು ಅಂಟಿದ ಕಡೆ ಬೋರ್ಡಿನಲ್ಲಿ ತಾಮ್ರದ ಗೆರೆ ಉಳಿಯುತ್ತದೆ, ಗೆರೆ ಹೋದ ಕಡೆ ಕರೆಂಟು ಹರಿಯುತ್ತದೆ. ನಮ್ಮ ಕಡೆಯ ಕರೆಂಟೋ, ಒಂದು ಹೊತ್ತು ನೂರೈವತ್ತು ವೋಲ್ಟು, ಇನ್ನೊಂದು ಹೊತ್ತು ಮುನ್ನೂರು. ಮೊದಲ ವರ್ಷ ಹಳ್ಳಿಗೆ ಹೋದ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಸುಟ್ಟು ವಾಪಸ್ ಬಂದವು. ಕಂಬದ ಕರೆಂಟನ್ನು ಒಳಕ್ಕೆ ಬಿಟ್ಟುಕೊಂಡು ಪಳಗಿಸಿ ಹನ್ನೆರಡು ವೋಲ್ಟು ಮಾಡುವ ಮೂಲೆಯೊಂದು ಬೋರ್ಡಿನಲ್ಲಿರುತ್ತದೆ, ಬೆಂಕಿಪೊಟ್ಟಣದಷ್ಟು ಜಾಗ. ಸುಡುತ್ತಿದ್ದದ್ದು ಅದೇ. ಶಿವನಂಜಪ್ಪನವರು ಏಳು ತಿಂಗಳು ಆ ಮೂಲೆಯ ಹಿಂದೆ ಬಿದ್ದರು. ಹರಿದು ಅಂಟಿಸಿ, ಹರಿದು ಅಂಟಿಸಿ, ಕೊನೆಗೊಂದು ಜೋಡಣೆ ಗಟ್ಟಿಯಾಯಿತು. ಆಮೇಲೆ ಒಂದೇ ಒಂದು ಪೆಟ್ಟಿಗೆಯೂ ಆ ಮೂಲೆಯಿಂದಾಗಿ ವಾಪಸ್ ಬರಲಿಲ್ಲ.

ಹೆಸರು ಬಂದದ್ದು ಯಾರಿಗೆ? ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಚಿಕ್ಕಣ್ಣ ಡಿಸೈನ್' ಅಂತ ಬಂತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜಿನ ಹತ್ತಿರ ರೈತರು ಸೇರಿದಾಗ ಅವನು ಪೆಟ್ಟಿಗೆ ಬಿಚ್ಚಿ ತೋರಿಸಿ, "ಈ ಮೂಲೆ ಐತಲ್ಲ, ಇದ್ಕೆ ನಾನು ಏಳ್ ತಿಂಗ್ಳು ತಪಸ್ ಮಾಡಿವ್ನಿ ಕಣ್ರಪ್ಪಾ" ಅನ್ನುತ್ತಿದ್ದ. ಆ ಏಳು ತಿಂಗಳಲ್ಲಿ ಅವನು ಆ ಮೇಜಿನ ಹತ್ತಿರ ಬಂದದ್ದು ಟೀ ಲೋಟ ಇಡುವುದಕ್ಕೆ. ಗೆದ್ದೆತ್ತಿನ ಬಾಲ ಹಿಡಿಯುವವರು ಊರಲ್ಲಿ ಇದ್ದೇ ಇರುತ್ತಾರೆ, ಇವನು ಎತ್ತೇ ನಾನು ಅನ್ನುವ ಜಾತಿ.

ಶಿವನಂಜಪ್ಪನವರಿಗೆ ಅದೊಂದೇ ಕೊರಗು. ಸಂಬಳ ಹೆಚ್ಚು ಕೇಳಿದವರಲ್ಲ, ರಜೆ ಕೇಳಿದವರಲ್ಲ. ಬೋರ್ಡಿನ ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ತಮ್ಮ ಹೆಸರು ಇರಬೇಕು, ಅಷ್ಟೇ. ಅದಕ್ಕೂ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಗುರುಶಾಂತಮ್ಮನ ತವರುಮನೆಗೆ ಒಂದು ಬೋರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿದ್ದರಂತೆ. ಇದು ನಾನು ಮಾಡಿದ್ದು ಅಂತ ತೋರಿಸಿದರು. ಮಾವ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿ, "ಚಿಕ್ಕಣ್ಣ ಅಂತ ಅದಲ್ಲಪ್ಪ. ನೀನೇನ್ ಮಾಡ್ತೀಯ ಅಲ್ಲಿ?" ಅಂದರು. ಕೂತವರೆಲ್ಲ ನಕ್ಕರು. ಇವರೂ ನಕ್ಕರು. ನನಗೆ ಇದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಒಮ್ಮೆ ಹೇಳದೆ ಕೇಳದೆ ಹೆಸರನ್ನು ಅಂಟಿಸಿಯೂಬಿಟ್ಟರು. ಚಿಕ್ಕಣ್ಣನ ಕಣ್ಣು ಅಂಥದ್ದಕ್ಕೆ ಬಲು ಚುರುಕು. ಹಾಳೆಯನ್ನು ಉಗುರಿನಲ್ಲಿ ಕೆರೆದು ತೆಗೆದ.

"ಎಮ್ಮೆ ನಂದು, ಮುದ್ರೆ ನಿಂದಾ? ಮೇಯ್ಸೋನು ಮೇಯಿಸ್ಬೇಕು ಕಣಯ್ಯಾ."

ಶಿವನಂಜಪ್ಪನವರು ಹಾಳೆಯನ್ನು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಕೂತರು. ನನಗೆ ಮಾತ್ರ ಬೆಸುಗೆ ಕಡ್ಡಿಯನ್ನು ಅವನ ಅಂಗೈಗೆ ಇಡಬೇಕು ಅನ್ನಿಸಿತು. ಇಡಲಿಲ್ಲ. ಮನೆಯಲ್ಲಿ ಅಮ್ಮನಿಗೆ ಕಾಯಿಲೆ, ನನ್ನ ಸಂಬಳವೇ ಸಂಬಳ.

೧೯೯೬ರಲ್ಲಿ ಕಂಪ್ಯೂಟರ್ ಬಂತು. ಬೋರ್ಡು ಬರೆಯುವ ಸಾಫ್ಟ್‌ವೇರ್ ಏಳು ಫ್ಲಾಪಿಗಳಲ್ಲಿ ಬಂತು. ಶಿವನಂಜಪ್ಪನವರು ಮೂರು ವಾರದಲ್ಲಿ ಅದನ್ನು ಅರೆದು ಕುಡಿದರು. ಅದರಲ್ಲಿ ಅವರಿಗೆ ಅತಿ ಹಿಡಿಸಿದ್ದು ಒಂದು ಸೌಕರ್ಯ. ಬೋರ್ಡಿನ ಯಾವುದಾದರೂ ಒಂದು ಭಾಗವನ್ನು, ಅದರ ಬಿಡಿಭಾಗ, ಗೆರೆ, ರಂಧ್ರಗಳ ಸಮೇತ, ಬೇರೆಯಾಗಿ ತೆಗೆದಿಟ್ಟು ಅದಕ್ಕೊಂದು ಹೆಸರು ಕೊಡಬಹುದು. ಮುಂದೆ ಯಾವ ಹೊಸ ಬೋರ್ಡಿಗಾದರೂ ಅದನ್ನು ಕರೆದು ಇಡಿಯಾಗಿ ಕೂರಿಸಬಹುದು. ಮತ್ತೆ ಮೊದಲಿನಿಂದ ಬರೆಯಬೇಕಾಗಿಲ್ಲ. ತಮ್ಮ ಏಳು ತಿಂಗಳ ಮೂಲೆಯನ್ನೇ ಅವರು ಮೊದಲು ಹಾಗೆ ತೆಗೆದಿಟ್ಟರು. ಹೆಸರು ಕೇಳಿತು ಯಂತ್ರ. ಸ್ವಲ್ಪ ಹೊತ್ತು ಯೋಚಿಸಿ 'ಒಟ್ಲು' ಅಂತ ಕೊಟ್ಟರು.

"ಒಟ್ಲು ಯಾಕ್ ಸಾರ್?" ಅಂದೆ.

"ಇನ್ನೇನವ್ವ? ಒಂದ್ ಕಡೆ ಪೈರು ಬೆಳ್ಸೋದು, ಬೇಕಾದ್ ಗದ್ದೇಗೆ ಕಿತ್ತು ನಾಟಿ ಮಾಡೋದು. ನಮ್ಮಪ್ಪ ಮಾಡೋದೂ ಇದೇಯ, ನಾನ್ ಮಾಡೋದೂ ಇದೇಯ."

ಅವತ್ತಿನಿಂದ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಕೂರಿಸುವಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತಿತ್ತು, ಈ ಭಾಗ ಮೂಲದ ಜೊತೆ ಕಟ್ಟಿಕೊಂಡೇ ಇರಬೇಕಾ, ಬಿಡಿಸಲಾ ಅಂತ. ಕಟ್ಟಿಕೊಂಡಿದ್ದರೆ ಮೂಲದಲ್ಲಿ ಮಾಡಿದ ತಿದ್ದುಪಡಿ ಎಲ್ಲ ಬೋರ್ಡಿಗೂ ತಾನಾಗಿ ಬರುತ್ತದೆ. ಆದರೆ ಆಗ ಒಂದು ಗೆರೆಯನ್ನೂ ಜಾಗಕ್ಕೆ ತಕ್ಕ ಹಾಗೆ ಬಗ್ಗಿಸಲಾಗುವುದಿಲ್ಲ. ಅದಕ್ಕೇ ಅವರು ಯಾವಾಗಲೂ ಬಿಡಿಸಿಬಿಡುತ್ತಿದ್ದರು. ಕಿತ್ತ ಮೇಲೆ ಪೈರು ಗದ್ದೆಯದು, ಒಟ್ಲಿಗೂ ಅದಕ್ಕೂ ಸಂಬಂಧವಿಲ್ಲ ಅನ್ನುವುದು ಅವರ ಲೆಕ್ಕ. ಕೆಲಸ ಕಲಿಯಲು ಬಂದ ಸ್ವಾಮಿಗೂ ಅದನ್ನೇ ಕಲಿಸಿದರು.

ಸ್ವಾಮಿ ಪಿರಿಯಾಪಟ್ಟಣದವನು. ಐಟಿಐ ಮಾಡಿದ್ದ, ಕೈ ಚುರುಕು, ಬಾಯಿ ಸಿಹಿ. ಶಿವನಂಜಪ್ಪನವರನ್ನು ಅಣ್ಣಾ ಅಣ್ಣಾ ಅನ್ನುತ್ತ ಹಿಂದೆಯೇ ಇದ್ದು ಮೂರು ವರ್ಷದಲ್ಲಿ ಎಲ್ಲವನ್ನೂ ಕಲಿತ.

೧೯೯೯ರಲ್ಲಿ ಚಿಕ್ಕಣ್ಣನಿಗೆ ಪಂಪ್‌ಸೆಟ್‌ಗಳ ಆಸೆ ಹುಟ್ಟಿತು. ಕರೆಂಟು ಬಂದಾಗ ತಾನಾಗಿ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ. ಬೇಸಿಗೆ ಶುರುವಾಗುವುದರೊಳಗೆ ಬೇಕು ಅಂದ.

"ಒಟ್ಲಲ್ಲಿ ಪೈರಿರುವಾಗ ಬಿತ್ನೆ ಯಾಕಯ್ಯಾ ಚೆಲ್ತೀಯ? ಅದೇ ಮೂಲೆ ಕೂರ್ಸು."

ಶಿವನಂಜಪ್ಪನವರು ಆಗುವುದಿಲ್ಲ ಅಂದರು. ಹನ್ನೆರಡು ವರ್ಷದಲ್ಲಿ ಅವರು ಅವನಿಗೆ ಎದುರಾಡಿದ್ದು ಅದೊಂದೇ ಸಲ.

"ಅದು ಮನೆ ಕರೆಂಟ್ಗೆ ಬರ್ದಿರೋದು. ಗೆರೆ ಗೆರೆ ನಡ್ವೆ ಒಂದ್ ಅಕ್ಕಿಕಾಳಷ್ಟು ಅಂತ್ರ ಐತೆ. ಪಂಪ್‌ಗೆ ಎರಡು ಫೇಸ್ ಬತ್ತದೆ, ನಾನೂರ್ ದಾಟ್ತದೆ. ಪಂಪ್‌ಮನೇಲಿ ತೇವ, ಇರುವೆ. ಆ ಅಂತ್ರ ಹಾರ್ಬುಟ್ರೆ ಪೆಟ್ಗೆ ಮೈಗೇ ಕರೆಂಟ್ ಇಳೀತದೆ. ಮುಟ್ಟಿದೋನು ಉಳಿಯಕಿಲ್ಲ."

"ಬೋ ಹೇಳ್ದೆ ಬುಡು."

"ನೀವು ಏನಾರ ಅನ್ನಿ, ನಾನ್ ಕೂರ್ಸಕಿಲ್ಲ."

ಹನ್ನೊಂದು ದಿನ ಕೂತು ಮೂಲೆಯನ್ನು ಹೊಸದಾಗಿ ಬರೆದರು. ಅಂತರ ಮೂರು ಪಟ್ಟು, ನಡುವೆ ಬೋರ್ಡನ್ನೇ ಸೀಳಿ ಒಂದು ಸಂದು. ಅದಕ್ಕೆ 'ಒಟ್ಲು ಎರಡು' ಅಂತ ಹೆಸರಾಯಿತು. ಆ ಹನ್ನೊಂದು ದಿನವೂ ಚಿಕ್ಕಣ್ಣ ಅವರನ್ನು ಬೈದ. ಪೆಟ್ಟಿಗೆ ಮಾರಾಟವಾಗತೊಡಗಿದ ಮೇಲೆ 'ನಡುವೆ ಸೀಳು ಬಿಡೋ ಉಪಾಯ ನಂದೇ' ಅಂತ ಎಚ್.ಡಿ. ಕೋಟೆವರೆಗೂ ಸಾರಿದ. ಬೋರ್ಡಿನ ಮೇಲೆ ಮತ್ತೆ ಅದೇ ಚಿಕ್ಕಣ್ಣ ಡಿಸೈನ್. ಈಗ 'ಇಂಜಿನಿಯರ್' ಅಂತ ಒಂದು ಬಾಲವೂ ಸೇರಿತ್ತು. ಈ ಸಲವಾದರೂ ಹೆಸರು ಹಾಕಿ ಅಂತ ಶಿವನಂಜಪ್ಪನವರು ಬಾಯಿಬಿಟ್ಟು ಕೇಳಿದರು. ಮುಂದಿನ ವರ್ಷ ನೋಡೋಣ ಅಂದ. ಆ ಮುಂದಿನ ವರ್ಷ ಬರುವ ವರ್ಷವಲ್ಲ ಅಂತ ನನಗೆ ಗೊತ್ತಿತ್ತು.

ಎರಡು ಸಾವಿರದ ಇಸವಿಯಲ್ಲಿ ಸ್ವಾಮಿ ಕೆಲಸ ಬಿಟ್ಟು ಪಿರಿಯಾಪಟ್ಟಣದಲ್ಲಿ ತನ್ನದೇ ಅಂಗಡಿ ತೆರೆದ. ಒಂದು ತಿಂಗಳಿಗೆ ಬಾಳೆಹಣ್ಣು, ಎಲೆ ಅಡಿಕೆ ಹಿಡಿದುಕೊಂಡು ಬಂದ. ಚಿಕ್ಕಣ್ಣ ಇರಲಿಲ್ಲ.

"ಅಣ್ಣ, ಬ್ಯಾರನ್ ಗಂಟೆ ಮಾಡಾನ ಅಂತಿವ್ನಿ. ಆ ಮೂಲೆ ನನ್ ಕೈಲಿ ಬರಕಿಲ್ಲ. ಮಿಕ್ಕ ಪೈರು ಐತಲ್ಲ, ಒಂದ್ ಕಟ್ಟು ಕೊಡಣ್ಣ."

ಅವನು ಬಳಸಿದ ಮಾತು ಸುಮ್ಮನೆ ಬಳಸಿದ್ದಲ್ಲ. ನಾಲೆ ಬಯಲಿನಲ್ಲಿ ಒಂದು ನಡಾವಳಿ ಉಂಟು. ನಾಟಿ ಮುಗಿದ ಮೇಲೆ ಒಟ್ಲಲ್ಲಿ ಮಿಕ್ಕ ಪೈರಿಗೆ ಬೆಲೆ ಕಟ್ಟಬಾರದು, ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು. ಇಲ್ಲ ಅಂದವನ ಗದ್ದೆ ಮರುವರ್ಷ ಜೊಳ್ಳು ಅನ್ನುತ್ತಾರೆ. ಶಿವನಂಜಪ್ಪನವರು ಹುಟ್ಟಿದಾಗಿನಿಂದ ಅದನ್ನು ಕಂಡವರು. ಹೊಸ ಮೂಲೆ ಯಜಮಾನನ ನಡೆಯುತ್ತಿರುವ ಮಾಲು, ಅದನ್ನು ಕೊಟ್ಟರೆ ಉಂಡ ಮನೆಗೆ ಎರಡು ಬಗೆದ ಹಾಗೆ ಅಂದುಕೊಂಡರು. ಹಳೆಯದು ಮಿಕ್ಕ ಪೈರು. ಒಂದು ಫ್ಲಾಪಿಗೆ ಹಾಕಿ ಅವನ ಕೈಗಿಟ್ಟರು.

"ಬ್ಯಾರನ್‌ಗೆ ಮಾತ್ರ ಕಣ್ಲಾ. ಪಂಪ್‌ಗೆ ಬ್ಯಾಡ. ಅಂತ್ರ ಸಾಲಕಿಲ್ಲ."

"ಆಯ್ತು ಕಣಣ್ಣ" ಅಂದ ಸ್ವಾಮಿ. ನಾನು ಅಲ್ಲೇ ಬೆಸುಗೆ ಹಾಕುತ್ತಿದ್ದೆ. ಮಾತು ಮಾತಾಗಿ ನನ್ನ ಕಿವಿಗೆ ಬಿತ್ತು. ಫ್ಲಾಪಿಯ ಮೇಲೆ ಮಾತ್ರ ಯಾರೂ ಏನೂ ಬರೆಯಲಿಲ್ಲ.

ಪೈರು ಬಲಿತಿದ್ದರೆ, ರೋಗ ತಗುಲಿದ್ದರೆ, ಕೈಗೆ ತೆಗೆದುಕೊಂಡವನಿಗೆ ಬುಡ ನೋಡಿದರೆ ತಿಳಿಯುತ್ತದೆ. ಫ್ಲಾಪಿಯಲ್ಲಿರುವುದಕ್ಕೆ ಬುಡವಿಲ್ಲ, ಎಲೆಯಿಲ್ಲ. ಕೊಟ್ಟವರಿಗೂ ಅದು ಹೊಳೆಯಲಿಲ್ಲ, ಅಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ.

ಎರಡು ವರ್ಷ ಸ್ವಾಮಿ ಬ್ಯಾರನ್ ಗಂಟೆಗಳನ್ನೇ ಮಾಡಿದ. ಮೂರನೆಯ ವರ್ಷ ಅವನೂ ಪಂಪ್ ಸ್ಟಾರ್ಟರಿಗೆ ಕೈ ಹಾಕಿದ. ಯಂತ್ರದಲ್ಲಿ 'ಒಟ್ಲು' ಅಂತ ಇತ್ತು. ಕರೆದ, ಕೂರಿಸಿದ. ಅಣ್ಣ ಹೇಳಿದ ಮಾತು ಮರೆತಿದ್ದನೋ, ನೋಡೋಣ ಅಂದುಕೊಂಡನೋ, ಅದನ್ನು ಅವನ ಎದೆಯೇ ಹೇಳಬೇಕು.

೨೦೦೩ರ ಆಗಸ್ಟ್‌ನಲ್ಲಿ ಅಂತರಸಂತೆ ಹತ್ತಿರದ ಹಳ್ಳಿಯಲ್ಲಿ ದೊಡ್ಡಮಾದಯ್ಯ ಅನ್ನುವ ರೈತ ಬೆಳಿಗ್ಗೆ ಪಂಪ್‌ಮನೆಗೆ ಹೋದವನು ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಸತ್ತ. ಹಿಂದಿನ ದಿನ ಜಡಿಮಳೆ ಹಿಡಿದಿತ್ತು. ಪೆಟ್ಟಿಗೆ ಪಿರಿಯಾಪಟ್ಟಣದ ಸ್ವಾಮಿಯದು ಅಂತ ಸುದ್ದಿ ಬಂದಾಗ ಶಿವನಂಜಪ್ಪನವರು ಕುರ್ಚಿಯಿಂದ ಎದ್ದರು. ಸ್ವಾಮಿಗೆ ಫೋನ್ ಮಾಡಿ, "ಯಾವ್ ಮೂಲೆ ಕೂರ್ಸಿದ್ದೆ?" ಅಂತ ಒಂದೇ ಮಾತು ಕೇಳಿದರು. ಅವನು ಫೋನ್ ಇಟ್ಟುಬಿಟ್ಟ.

ಮರುದಿನ ನಾವಿಬ್ಬರೂ ಎಚ್.ಡಿ. ಕೋಟೆ ಬಸ್ ಹತ್ತಿ ಅಲ್ಲಿಗೆ ಹೋದೆವು. ಅವರೊಬ್ಬರನ್ನೇ ಕಳಿಸಲು ನನಗೆ ಧೈರ್ಯವಾಗಲಿಲ್ಲ. ಲೈನ್‌ಮನ್ ಪೆಟ್ಟಿಗೆ ಬಿಚ್ಚಿ ತಂದು ಜಗಲಿಯ ಮೇಲೆ ಇಟ್ಟಿದ್ದ. ಶಿವನಂಜಪ್ಪನವರು ಮುಚ್ಚಳ ತೆಗೆದರು. ಎರಡು ಗೆರೆಗಳ ನಡುವೆ, ಆ ಅಕ್ಕಿಕಾಳಿನಷ್ಟು ಜಾಗದಲ್ಲಿ, ಸುಟ್ಟ ಇರುವೆಗಳ ಕಪ್ಪು ಸೇತುವೆ. ನಾನೂ ನೋಡಿದೆ. ಆ ಮೂಲೆಯನ್ನು ಸಾವಿರ ಸಲ ಬೆಸೆದವಳು, ನನಗೆ ಗುರುತು ಸಿಕ್ಕದೆ ಇರುತ್ತದೆಯೇ.

ದೊಡ್ಡಮಾದಯ್ಯನ ಹೆಂಡತಿ ಸೋಮಮ್ಮ ಬಾಗಿಲಲ್ಲಿ ನಿಂತಿದ್ದಳು. "ಯಾರಪ್ಪಾ ನೀವು?" ಅಂದಳು.

"ಇದ್ನ ಬರ್ದೋನು ನಾನೇ ಕಣವ್ವ" ಅಂದರು ಶಿವನಂಜಪ್ಪನವರು.

ಅವಳಿಗೆ ಅರ್ಥವಾಗಲಿಲ್ಲ. ಬೋರ್ಡನ್ನು ಬರೆಯುತ್ತಾರೆ ಅಂತ ಯಾರಿಗೆ ತಾನೇ ಗೊತ್ತು? ರಿಪೇರಿಯವರು ಅಂದುಕೊಂಡಳು. ಒಳಗೆ ಹೋಗಿ ಎರಡು ಲೋಟ ನೀರು ತಂದಳು.

"ರಿಪೇರಿ ಮಾಡೋದ್ ಬ್ಯಾಡ ಬುಡಿ ಅಪ್ಪ. ಇನ್ ಯಾರ್ ಮುಟ್ಟಾರು ಅದ."

ಅವರು ನೀರು ಕುಡಿದರು. ಬೇಡ ಅನ್ನುವ ಶಕ್ತಿಯೂ ಇರಲಿಲ್ಲವೇನೋ. ವಾಪಸ್ ಬರುವ ಬಸ್ಸಿನಲ್ಲಿ ನಾನು ಬೇಡಿಕೊಂಡೆ. "ಸುಮ್ನಿದ್ಬುಡಿ ಸಾರ್. ಪೆಟ್ಗೆ ಮೇಲಿರೋದು ಸ್ವಾಮಿ ಹೆಸ್ರು. ಬ್ಯಾಡ ಅಂತ ಹೇಳೇ ಕೊಟ್ರಿ ನೀವು."

"ಪೈರು ಕೊಟ್ಟೋನು ನಾನಲ್ವೇನವ್ವ" ಅಂದರು.

ಸ್ವಾಮಿ ಸುಮ್ಮನಿರಲಿಲ್ಲ. ಬೋರ್ಡು ನನ್ನದಲ್ಲ, ಹುಣಸೂರಿನ ಮಾರಮ್ಮ ಕಂಟ್ರೋಲ್ಸ್‌ನಿಂದ ಬಂದ ಡಿಸೈನು ಅಂತ ತನಿಖೆಯವರಿಗೆ ಬರೆದುಕೊಟ್ಟ. ಅವನು ಬರೆದುಕೊಟ್ಟ ಸುದ್ದಿ ಮೊದಲೇ ತಿಳಿದ ಚಿಕ್ಕಣ್ಣ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ. ಕೊಟ್ಟದ್ದು, ತೆಗೆದುಕೊಂಡದ್ದು ಯಾರಿಗೂ ಗೊತ್ತಿಲ್ಲ. ಅಡ್ಡಮಾತು ಆಡಿದವರು ನಾಳೆಯಿಂದ ಬರಬೇಕಾಗಿಲ್ಲ. ಕೊನೆಯ ಮಾತು ಆಡುವಾಗ ನನ್ನ ಕಡೆ ನೋಡಿದ.

ಮೈಸೂರಿನಿಂದ ತನಿಖೆಯ ಅಧಿಕಾರಿಯೊಬ್ಬರು ಗುಮಾಸ್ತನ ಜೊತೆ ಒಂದು ಮಧ್ಯಾಹ್ನ ವರ್ಕ್‌ಶಾಪಿಗೆ ಬಂದರು. ಸತ್ತವನ ಬೋರ್ಡನ್ನೂ ತಂದಿದ್ದರು. ಇದನ್ನು ವಿನ್ಯಾಸ ಮಾಡಿದವರು ಯಾರು ಅಂತ ಚಿಕ್ಕಣ್ಣನನ್ನು ಕೇಳಿದರು. ಗೋಡೆಯ ಮೇಲೆ 'ಇಂಜಿನಿಯರ್ ಚಿಕ್ಕಣ್ಣ' ಅನ್ನುವ ಫಲಕ ಹಿಂದಿನ ದಿನದವರೆಗೂ ಇತ್ತು. ಅವತ್ತು ಅಲ್ಲಿ ಮೊಳೆ ಮಾತ್ರ ಇತ್ತು.

"ಶಿವನಂಜಪ್ಪ ಇಂಜಿನಿಯರ್ದು ಸಾರ್. ಸುರುವಿಂದ ಕೊನೇಗಂಟ ಅವರ್ದೇಯ. ಏಳ್ ತಿಂಗ್ಳು ಅವ್ರೇ ಕೂತು ಬರ್ದದ್ದು. ನಾನು ಎಸ್ಸೆಸ್ಸೆಲ್ಸಿ ಫೇಲಾದೋನು, ನಂಗೇನ್ ತಿಳೀತದೆ ಇದ್ರಾಗೆ? ಬೇಕಾರೆ ಯಾರ್ನಾರ ಕೇಳಿ."

ಹನ್ನೆರಡು ವರ್ಷದಲ್ಲಿ ಅವನ ಬಾಯಿಂದ ಆ ನಿಜ ಬಂದದ್ದು ಅದೇ ಮೊದಲು. ಒಂದು ಅಕ್ಷರವೂ ಸುಳ್ಳಿರಲಿಲ್ಲ, ಆ ಇಂಜಿನಿಯರ್ ಅನ್ನುವುದೊಂದು ಬಿಟ್ಟರೆ.

ಅಧಿಕಾರಿ ಶಿವನಂಜಪ್ಪನವರ ಕಡೆ ತಿರುಗಿ, ಪಂಪಿಗೆ ಸಾಲದ ವಿನ್ಯಾಸವನ್ನು ಸ್ವಾಮಿಗೆ ಯಾಕೆ ಕೊಟ್ಟಿರಿ ಅಂದರು.

"ಮಿಕ್ಕ ಪೈರು ಸಾರ್. ಕೇಳ್ದೋರ್ಗೆ ಇಲ್ಲ ಅನ್ಬಾರ್ದು."

ಅಧಿಕಾರಿ ಪಟ್ಟಣದವರು. ಪೈರಿಗೂ ಬೋರ್ಡಿಗೂ ಏನು ಸಂಬಂಧ ಅಂತ ಗುಮಾಸ್ತನ ಮುಖ ನೋಡಿದರು. ಗುಮಾಸ್ತ 'ನಿರ್ಲಕ್ಷ್ಯದಿಂದ' ಅಂತ ಬರೆದುಕೊಂಡ. ಪಂಪಿಗೆ ಬೇಡ ಅಂತ ಹೇಳಿದ್ದೆ ಅಂದರು ಶಿವನಂಜಪ್ಪನವರು. ಅದಕ್ಕೆ ಸಾಕ್ಷಿ ಯಾರು ಅಂದರು ಅಧಿಕಾರಿ. ಶಿವನಂಜಪ್ಪನವರು ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನನ್ನ ಕಡೆ ನೋಡಿದವನು ಚಿಕ್ಕಣ್ಣ. ಅಧಿಕಾರಿಯೇ, "ನೀವು ಪಕ್ಕದ ಮೇಜಿನವರಲ್ಲವಾ, ಏನಾದರೂ ಕೇಳಿಸಿಕೊಂಡಿರಾ?" ಅಂದರು.

"ನಾನು ಬೆಸುಗೆ ಹಾಕೋಳು ಸಾರ್. ನಂಗೆ ಗೊತ್ತಿಲ್ಲ" ಅಂದೆ.

ಚಿಕ್ಕಣ್ಣನನ್ನು ಇಷ್ಟು ಹೊತ್ತು ಬೈದೆನಲ್ಲ, ಅವನು ಅವತ್ತು ನಿಜವನ್ನಾದರೂ ಹೇಳಿದ. ನಾನು ಹೇಳಿದ್ದು ಸುಳ್ಳು. ಕೆಲಸ ಉಳಿಯಿತು. ಅಮ್ಮ ಮುಂದಿನ ವರ್ಷ ತೀರಿಕೊಂಡಳು, ಆ ನೆಪವೂ ಹೋಯಿತು. ಇದಕ್ಕೆ ನನ್ನನ್ನು ಯಾರೂ ಕ್ಷಮಿಸಬೇಕಾಗಿಲ್ಲ.

ಗುಮಾಸ್ತ ಹೇಳಿಕೆಯನ್ನು ಓದಲು ಕೊಟ್ಟ. ಶಿವನಂಜಪ್ಪನವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಮೊದಲ ಸಾಲಿನಲ್ಲೇ ಬರೆದಿತ್ತು, ಸದರಿ ಬೋರ್ಡಿನ ವಿನ್ಯಾಸಕಾರರಾದ ಶ್ರೀ ಶಿವನಂಜಪ್ಪನವರು ಅಂತ. ಮುಗಿಸಿದ ಮೇಲೆ ಮತ್ತೆ ಮೊದಲ ಸಾಲಿಗೆ ಬಂದು ಅಲ್ಲಿ ಬೆರಳಿಟ್ಟುಕೊಂಡು ಕೂತರು.

"ಏನಾದರೂ ತಪ್ಪಿದೆಯಾ? ಹೆಸರು ಸರಿಯಾಗಿದೆಯಾ?" ಅಂದ ಗುಮಾಸ್ತ.

"ಸರ್ಯಾಗದೆ ಸಾರ್" ಅಂದರು ಶಿವನಂಜಪ್ಪನವರು. ಪೆನ್ನು ತೆಗೆದುಕೊಂಡು, ಹೇಳಿದ ಜಾಗದಲ್ಲೆಲ್ಲ ಸಹಿ ಮಾಡಿದರು.